ಬ್ಯಾಟರಿ ಹೋಯ್ತು ಅನ್ನೋರ ಕೈಗೆ ಮೊದಲು ಮೀಟರ್ ಕೊಡಿ

ಈ ಸಲ ಉಳುಮೆ ಶುರುವಾದಾಗಿಂದ ನಮ್ಮ ಸುತ್ತಮುತ್ತ ಮೂರು ಹಳೇ ಟ್ರ್ಯಾಕ್ಟರ್‌ಗೆ ಹೊಸ ಬ್ಯಾಟರಿ ಬಿತ್ತು. ಅದರಲ್ಲಿ ಎರಡು ಈಗಾಗಲೇ ಮತ್ತೆ ಇಳಿಜಾರಲ್ಲಿ ನಿಂತಿವೆ, ಬೆಳಗ್ಗೆ ತಳ್ಳೋಕೆ ನಾಲ್ಕು ಜನ ಬೇಕು. ಏಳೆಂಟು ಸಾವಿರ ಕೊಟ್ಟು ತಂದ ಬ್ಯಾಟರಿ ಎರಡೇ ತಿಂಗಳಿಗೆ ಡೌನ್ ಆಗುತ್ತೆ ಅಂದ್ರೆ ತಪ್ಪು ಬ್ಯಾಟರಿದಲ್ಲ ಕಣ್ರೀ, ಅದಕ್ಕೆ ಊಟ ಹಾಕೋನು ಮಲಗಿದಾನೆ.

ಅಂಗಡಿಯಲ್ಲಿ ನಡೆಯೋ ಪರೀಕ್ಷೆ ನೀವೂ ನೋಡಿರ್ತೀರಿ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸೋದು. ಇಲ್ಲಾಂದ್ರೆ ಇಂಜಿನ್ ಓಡ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು, "ನೋಡಿ, ಇಂಜಿನ್ ನಿಲ್ಲಲಿಲ್ಲ, ಡೈನಮೋ ಚೆನ್ನಾಗಿದೆ" ಅನ್ನೋದು. ಅಲ್ಲ ಸ್ವಾಮಿ, ಹಳೇ ಡೀಸೆಲ್ ಇಂಜಿನ್ ಓಡೋಕೆ ಕರೆಂಟೇ ಬೇಡ! ಅದು ಓಡಿದ್ರೆ ಏನು ಸಾಬೀತಾಯ್ತು? ಆಲ್ಟರ್ನೇಟರ್ ಇರೋ ಗಾಡಿಯಲ್ಲಿ ಹಾಗೆ ವೈರ್ ಕಿತ್ರೆ ವೋಲ್ಟೇಜ್ ಒಮ್ಮೆಲೇ ಏರಿ ಒಳಗಿನ ಡಯೋಡ್ ಸುಟ್ಟುಹೋಗಬಹುದು. ಚಾರ್ಜ್ ಆಗೋವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಅಲ್ಲಿ ಕಿಡಿ ಹಾರಿಸಿದ್ರೆ ಆಸಿಡ್ ಮುಖಕ್ಕೆ ಬರುತ್ತೆ.

ಐದಾರು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತೆ. ಡಿಸಿ 20ಕ್ಕೆ ಇಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡೀರಿ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ 12.6ರ ಹತ್ತಿರ ತೋರಿಸಿದ್ರೆ ತುಂಬಿದೆ ಅಂತ. 12ಕ್ಕಿಂತ ಕೆಳಗೆ ಅಂದ್ರೆ ಹೆಚ್ಚುಕಮ್ಮಿ ಖಾಲಿ. ಆಮೇಲೆ ಸ್ಟಾರ್ಟ್ ಮಾಡಿ, ರೇಸ್ ಸ್ವಲ್ಪ ಏರಿಸಿ. ಹಳೇ ಡೈನಮೋ ಐಡ್ಲಿಂಗ್‌ನಲ್ಲಿ ಚಾರ್ಜೇ ಮಾಡಲ್ಲ, ಅದಕ್ಕೇ ರೇಸ್ ಬೇಕು. ಈಗ 13.8ರಿಂದ 14.4ರ ಒಳಗೆ ಬಂದ್ರೆ ಚಾರ್ಜಿಂಗ್ ಸರಿ ಇದೆ. 12ರಲ್ಲೇ ಕೂತಿದ್ರೆ ಹೊಸ ಬ್ಯಾಟರಿ ಹಾಕಿಯೂ ದಂಡ. 15 ದಾಟಿದ್ರೆ ರೆಗ್ಯುಲೇಟರ್ ಕೆಟ್ಟಿದೆ. "ನೀರು ಬೇಗ ಖಾಲಿಯಾಗುತ್ತೆ" ಅಂತ ದೂರೋ ಗಾಡಿಗಳಲ್ಲಿ ಇದನ್ನೂ ನೋಡಿ. ಅದಕ್ಕೆ ಬೋರ್ ನೀರು ಬೇರೆ ಹುಯ್ಯೋರಿದಾರೆ, ಅವರಿಗೆ ಏನು ಹೇಳೋದೋ!

ವೋಲ್ಟ್ ಏರಲಿಲ್ಲ ಅಂದ್ರೂ ತಕ್ಷಣ ಡೈನಮೋ ಬಿಚ್ಚಬೇಡಿ. ಬೆಲ್ಟ್ ಒತ್ತಿ ನೋಡಿ, ಸಡಿಲ ಇದ್ರೆ ಜಾರುತ್ತೆ. ಟರ್ಮಿನಲ್ ಮೇಲಿನ ಬಿಳಿ ಪುಡಿ ಬಿಸಿನೀರು ಹಾಕಿ ತೊಳೀರಿ. ಅರ್ಥ್ ವೈರ್ ಇಂಜಿನ್‌ಗೆ ಕೂರೋ ಜಾಗದಲ್ಲಿ ಬಣ್ಣ, ತುಕ್ಕು, ಕೆಸರು ಎಲ್ಲಾ ಇರುತ್ತೆ. ಚಾರ್ಜ್ ಆಗೋವಾಗ ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ ಬಾಡಿಗೂ ಮಧ್ಯೆ ಮೀಟರ್ ಹಿಡಿದ್ರೆ ಸೊನ್ನೆ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದ್ರೆ ಕಳ್ಳ ಅಲ್ಲೇ ಸಿಕ್ಕ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಆಲ್ಟರ್ನೇಟರ್ ಇರೋ ಎಷ್ಟೋ ಹಳೇ ಗಾಡಿಗಳಲ್ಲಿ ಮೀಟರ್ ಬೋರ್ಡ್‌ನ ಕೆಂಪು ಚಾರ್ಜ್ ಲೈಟ್ ಬರೀ ಅಲಂಕಾರಕ್ಕಲ್ಲ. ಆಲ್ಟರ್ನೇಟರ್ ಕೆಲಸ ಶುರುಮಾಡೋಕೆ ಬೇಕಾದ ಮೊದಲ ಕರೆಂಟು ಆ ಬಲ್ಬ್ ಮೂಲಕವೇ ಹೋಗುತ್ತೆ. ಬಲ್ಬ್ ಸುಟ್ಟಿದ್ರೆ ಅದು ಏಳೋದೇ ಇಲ್ಲ, ಇಲ್ಲಾ ತುಂಬಾ ರೇಸ್ ಕೊಟ್ಟ ಮೇಲೆ ಏಳುತ್ತೆ. ಕೀ ಆನ್ ಮಾಡಿದಾಗ ಆ ಲೈಟ್ ಹತ್ತಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ನಮ್ಮಲ್ಲಿ ಎಷ್ಟು ಗಾಡಿಯಲ್ಲಿ ಅದು ಹತ್ತುತ್ತೆ ಹೇಳಿ? ಒಂದು ಬಲ್ಬ್‌ನ ದುಡ್ಡಿನ ಕೆಲಸಕ್ಕೆ ಬ್ಯಾಟರಿ ದುಡ್ಡು ಕಟ್ತಿದೀವಿ.

"ಸೀಸನ್‌ನಲ್ಲಿ ಇಷ್ಟೆಲ್ಲಾ ನೋಡ್ಕೊಂಡು ಕೂರೋಕೆ ಟೈಮ್ ಎಲ್ಲಿದೆ ಅಣ್ಣಾ" ಅಂತ ಒಬ್ಬ ಮೆಕ್ಯಾನಿಕ್ ನನಗೇ ಅಂದ. ಹತ್ತು ನಿಮಿಷದ ಕೆಲಸ ಇದು. ಬ್ಯಾಟರಿ ನಿಜವಾಗಲೂ ಸಾಯುತ್ತೆ, ನಾಲ್ಕೈದು ವರ್ಷ ದುಡಿದಿದ್ರೆ ಬದಲಾಯಿಸಲೇಬೇಕು, ಅದಕ್ಕೆ ತಕರಾರಿಲ್ಲ. ಆದ್ರೆ ಇಂಜಿನ್ ಓಡುವಾಗ ಎಷ್ಟು ವೋಲ್ಟ್ ಬಂತು ಅಂತ ಹೇಳದೆ ಬ್ಯಾಟರಿ ಮಾರೋನಿಗೆ ದುಡ್ಡು ಕೊಡಬೇಡಿ, ಹಳೇದನ್ನ ಎಕ್ಸ್‌ಚೇಂಜ್‌ಗೂ ಬಿಡಬೇಡಿ.

ಮೀಟರ್ ನನ್ನ ಹತ್ರ ಇದೆ. ಬೇಕಾದೋರು ಬಂದು ತಗೊಂಡು ಹೋಗಿ, ಸಂಜೆಗೆ ವಾಪಸ್ ತಂದುಕೊಡಿ.