ಕುಕ್ಕರಿಗೂ ಗ್ಯಾಸ್ಕೆಟ್, ಕಾರಿಗೂ ಗ್ಯಾಸ್ಕೆಟ್



"ಕಾರಿನ ಗೊಡವೆ ನಮಗ್ಯಾಕ್ರೀ? ಅದು ಗಂಡಸರ ಕೆಲಸ" ಎಂದು ಪುಟ ತಿರುವಿಬಿಡಬೇಡಿ. ಗ್ಯಾರೇಜಿಗೆ ಹೋಗುವ ಹಣ ನಿಮ್ಮ ಸಂಸಾರದ ಗಂಟಿನಿಂದಲೇ ಹೋಗುವುದು. ಮಕ್ಕಳನ್ನು ಕೂರಿಸಿಕೊಂಡು ಆ ಕಾರಿನಲ್ಲಿ ಹೋಗುವವರೂ ನೀವೇ. ಅಂದಮೇಲೆ ಒಂದಿಷ್ಟು ತಿಳಿದಿರುವುದು ಒಳ್ಳೆಯದಲ್ಲವೇ?

ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಆದರೂ ಅವನ್ನು ಜೋಪಾನ ಮಾಡಿಕೊಂಡು ಬಂದ ಮನೆಗಳು ಇನ್ನೂ ಇವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಯರಗಟ್ಟಿ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವವರೆಷ್ಟು! ನಾಲ್ವರು ಕೂರುವಲ್ಲಿ ಆರು ಜನ, ಮೇಲೆ ಬುತ್ತಿಯ ಗಂಟು. ಗುಡ್ಡದ ಏರಿನಲ್ಲಿ ಗಾಡಿಗಳ ಸಾಲು, ಆಮೆಯ ನಡಿಗೆ. ರೇಡಿಯೇಟರಿಗೆ ಎದುರುಗಾಳಿ ಸಾಲದು, ಎಂಜಿನ್ನಿಗೆ ಮಾತ್ರ ದುಡಿಮೆ ಹೆಚ್ಚು. ಹಳೆಯ ಕಾರು ಕಾದು ಕೈಕೊಡುವುದು ಇಂಥ ಹೊತ್ತಿನಲ್ಲೇ. ಆಮೇಲೆ ಗ್ಯಾರೇಜಿನವನು "ಹೆಡ್ ಗ್ಯಾಸ್ಕೆಟ್ ಹೋಗೇದ್ರೀ" ಎನ್ನುತ್ತಾನೆ.

ಏನಿದು ಹೆಡ್ ಗ್ಯಾಸ್ಕೆಟ್? ನಿಮ್ಮ ಕುಕ್ಕರನ್ನೇ ನೆನೆಯಿರಿ. ಪಾತ್ರೆಗೂ ಮುಚ್ಚಳಕ್ಕೂ ನಡುವೆ ರಬ್ಬರಿನ ಬಳೆ ಇದೆಯಲ್ಲ, ಅದು ಸಡಿಲಾದರೆ ಉಗಿ ಸೋರುತ್ತದೆ, ಸೀಟಿ ಬರುವುದಿಲ್ಲ. ಎಂಜಿನ್ನಿನಲ್ಲೂ ಹಾಗೆಯೇ. ಕೆಳಗಿನ ಭಾಗ ಬ್ಲಾಕ್, ಮೇಲಿನ ಮುಚ್ಚಳ ಹೆಡ್, ನಡುವಿನ ತೆಳು ಹಾಳೆ ಗ್ಯಾಸ್ಕೆಟ್. ಕುಕ್ಕರಿನ ಬಳೆ ಉಗಿಯೊಂದನ್ನೇ ತಡೆಯುತ್ತದೆ. ಈ ಹಾಳೆಯಾದರೋ ಸಿಲಿಂಡರಿನ ಬೆಂಕಿ, ತಂಪು ಮಾಡುವ ನೀರು, ಎಂಜಿನ್ ಆಯಿಲ್ ಮೂರನ್ನೂ ಒಂದಕ್ಕೊಂದು ಸೇರದಂತೆ ತಡೆಯಬೇಕು. ಮಾರುತಿ 800ರ ಹೆಡ್ ಅಲ್ಯೂಮಿನಿಯಮ್ಮಿನದು. ಅತಿಯಾಗಿ ಕಾದರೆ ಅದು ಸೊಟ್ಟಗಾಗುತ್ತದೆ. ಆಗ ಗ್ಯಾಸ್ಕೆಟ್ಟಿನ ಹಿಡಿತ ತಪ್ಪಿ ಬೆಂಕಿ, ನೀರು, ಆಯಿಲ್ ಬೆರೆಯುತ್ತವೆ.

ಗುರುತು ಹಿಡಿಯುವುದು ಹೇಗೆ?

ಹೊರಗೆಲ್ಲೂ ಸೋರದೆ ರೇಡಿಯೇಟರಿನ ನೀರು ದಿನದಿನಕ್ಕೆ ಕಡಿಮೆಯಾಗುತ್ತಿದೆಯೇ? ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಹಿಂದಿನ ಕೊಳವೆಯಿಂದ ದಟ್ಟ ಬಿಳಿ ಹೊಗೆ ಬರುತ್ತಿದೆಯೇ? ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಆವಿ ಕಾಣುವುದು ಸಹಜ, ಅದಕ್ಕೆ ಗಾಬರಿ ಬೇಡ. ಆಯಿಲ್ ನೋಡುವ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ನೊರೆ ಇದ್ದರೆ ಆಯಿಲಿಗೆ ನೀರು ಸೇರಿದೆ ಎಂದೇ ಸಂಶಯಪಡಬೇಕು. ಇನ್ನು, ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಎಂಜಿನ್ ಚಾಲೂ ಮಾಡಿಸಿದಾಗ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ ಎಂದರ್ಥ.

ಆದರೆ ಕಾರು ಕಾದ ಮಾತ್ರಕ್ಕೆ ಗ್ಯಾಸ್ಕೆಟ್ಟೇ ಹೋಗಿದೆ ಎನ್ನಲಾಗದು. ಒಡೆದ ರಬ್ಬರ್ ಪೈಪು, ತಿರುಗದ ಫ್ಯಾನು, ಕೆಟ್ಟ ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್ ಇವೂ ಕಾರಣವಾಗಬಹುದು. ಆದ್ದರಿಂದ ಎಂಜಿನ್ ಬಿಚ್ಚುವ ಮೊದಲು "ಕಂಪ್ರೆಶನ್ ನೋಡಿದಿರೇನು?" ಎಂದು ಕೇಳಿ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು.

ದಾರಿಯಲ್ಲಿ ಕಾದರೆ?

ಮುಳ್ಳು ಕೆಂಪು ಗೆರೆಯತ್ತ ಏರಿದ ಕೂಡಲೇ ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿಸಿ. "ಇನ್ನೇನ್ ಗುಡಿ ಬಂತಲ್ಲ, ಹೋಗಿಬಿಡೋಣು" ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಆ ಮಾತಿಗೆ ಒಪ್ಪಬೇಡಿ. ಪೈಪು ಬದಲಿಸಿ ಮುಗಿಯುತ್ತಿದ್ದ ಖರ್ಚು ಎಂಜಿನ್ ಬಿಚ್ಚುವವರೆಗೆ ಬೆಳೆಯುವುದು ಆ ಉಳಿದ ದಾರಿಯಲ್ಲೇ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಸೀಟಿ ಇಳಿಯದ ಕುಕ್ಕರನ್ನು ನೀವು ತೆರೆಯುತ್ತೀರಾ? ಅಲ್ಲೂ ಒತ್ತಡದಿಂದಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದೊಡನೆ ಭಗ್ಗನೆ ಕುದಿದು ಮುಖಕ್ಕೇ ಎರಚುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ. ಪೈಪು ಮುಟ್ಟಿದರೆ ತಣ್ಣಗಿರಬೇಕು, ಅಲ್ಲಿಯವರೆಗೆ ಕಾಯಿರಿ. ಆಮೇಲೂ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ. ಕಾದ ಮಣ್ಣಿನ ಹಂಚಿನ ಮೇಲೆ ತಣ್ಣೀರು ಹೊಯ್ದರೆ ಏನಾಗುತ್ತದೆಂದು ನಿಮಗೆ ಹೇಳಿಕೊಡಬೇಕೆ?

ಗ್ಯಾಸ್ಕೆಟ್ ಹೋಗಿದೆ ಎಂಬ ಅನುಮಾನ ಬಲವಾಗಿದ್ದರೆ ಕಾರನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ. ನೀರು ಬೆರೆತ ಆಯಿಲಿನಲ್ಲಿ ಓಡಿದರೆ ಬೇರಿಂಗುಗಳೂ ಹಾಳಾಗುತ್ತವೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೆಯ ಉಪಾಯವೊಂದಿದೆ. ಅದು ರೇಡಿಯೇಟರಿನ ಸೂಜಿಮೊನೆಯಷ್ಟು ತೂತನ್ನು ತಾತ್ಕಾಲಿಕವಾಗಿ ಮುಚ್ಚೀತು, ಸುಟ್ಟ ಗ್ಯಾಸ್ಕೆಟ್ಟನ್ನು ಮುಚ್ಚಲಾರದು. ಮೇಲಾಗಿ ನೀರಿನ ಸಣ್ಣ ದಾರಿಗಳೇ ಕಟ್ಟಿಕೊಳ್ಳಬಹುದು. ಅರಿಶಿನ ಡಬ್ಬಿಯಲ್ಲೇ ಇರಲಿ.

ಗ್ಯಾರೇಜಿನಲ್ಲಿ ಕೇಳಬೇಕಾದ ಮಾತು

ಮೊದಲನೆಯದು: "ಹೆಡ್ ಸೊಟ್ಟಗಾಗಿದೆಯೇ ನೋಡಿದಿರಾ?" ನೇರ ಪಟ್ಟಿಯನ್ನು ಹೆಡ್ಡಿನ ಮೇಲಿಟ್ಟು ಸಂದಿಯನ್ನು ಅಳೆಯುತ್ತಾರೆ. ತಲೆಗೂದಲಿನಷ್ಟು ಸಂದಿಯೂ ಹೆಚ್ಚೇ. ಸೊಟ್ಟಗಾದ ಹೆಡ್ಡನ್ನು ಯಂತ್ರದಲ್ಲಿ ಸಮ ಮಾಡಿಸಬೇಕು, ಬಿರುಕು ಬಿಟ್ಟಿದೆಯೇ ಎಂದೂ ನೋಡಿಸಬೇಕು. ಇದನ್ನು ಬಿಟ್ಟು ಬರೀ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಬೇಗ ಹೋಗುತ್ತದೆ.

ಎರಡನೆಯದು: "ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಬಿಗಿದಿರಾ?" ನಡುವಿನಿಂದ ಹೊರಕ್ಕೆ, ಕ್ರಮವಾಗಿ, ಎರಡು ಮೂರು ಸುತ್ತಿನಲ್ಲಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಕೈ ಅಂದಾಜು ಸಾಲದು. ತೆಗೆದ ಗ್ಯಾಸ್ಕೆಟ್ಟನ್ನು ಮತ್ತೆ ಹಾಕುವ ಮಾತೇ ಇಲ್ಲ. ಹಳೆಯದನ್ನು ತೋರಿಸಲು ಹೇಳಿ, ಸುಟ್ಟ ಜಾಗ ಕಪ್ಪಗೆ ಕಾಣುತ್ತದೆ. ಆಯಿಲು, ಆಯಿಲ್ ಫಿಲ್ಟರ್ ಹೊಸದಿರಲಿ. ಮಾರುತಿ 800ರಲ್ಲಿ ಟೈಮಿಂಗ್ ಬೆಲ್ಟನ್ನು ಹೇಗೂ ಬಿಚ್ಚುತ್ತಾರೆ, ಹಳೆಯದಾಗಿದ್ದರೆ ಅದೇ ಕೂಲಿಯಲ್ಲಿ ಬದಲಾಯಿಸಿಕೊಳ್ಳಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: "ಕಾದದ್ದು ಯಾಕೆ?" ಗ್ಯಾಸ್ಕೆಟ್ ತಾನಾಗಿ ಸುಡುವುದು ಅಪರೂಪ. ಮೂಲ ಕಾರಣ ಹಾಗೇ ಉಳಿದರೆ ಮುಂದಿನ ಹುಣ್ಣಿಮೆಗೆ ಮತ್ತದೇ ಖರ್ಚು. ಬೋರಿನ ಗಡಸು ನೀರು ಕಾಯಿಸಿದ ಹಂಡೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನೀವೇ ಉಜ್ಜಿ ಉಜ್ಜಿ ಬಲ್ಲಿರಿ. ರೇಡಿಯೇಟರಿನೊಳಗೂ ಅದೇ ಪದರ ಕಟ್ಟುತ್ತದೆ. ಅಲ್ಲಿ ಕೈ ಹಾಕಿ ಉಜ್ಜಲು ಬರುತ್ತದೆಯೇ? ಅದಕ್ಕೇ ನಲ್ಲಿಯ ನೀರು ಬಿಟ್ಟು, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿ ಹಾಕಿಸಿ. ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ಉಳಿದ ಡಬ್ಬಿಯನ್ನು ಮಕ್ಕಳಿಗೆ, ನಾಯಿ ಬೆಕ್ಕುಗಳಿಗೆ ಸಿಗದಂತೆ ಇಡಿ.

ಇನ್ನು ಮೇಲೆ ಊರಿಗೆ ಹೊರಡುವ ದಿನ ಬುತ್ತಿ ಕಟ್ಟುವಷ್ಟೇ ನೆನಪಿನಿಂದ, ಎಂಜಿನ್ ತಣ್ಣಗಿರುವಾಗಲೇ ನೀರು, ಆಯಿಲು ನೋಡಿಸಿ. ದಾರಿಯಲ್ಲಿ ಒಂದು ಕಣ್ಣು ಆ ಮುಳ್ಳಿನ ಮೇಲಿರಲಿ. ಅದು ಏರಿದಾಗ "ನಿಲ್ಲಸ್ರೀ" ಎನ್ನಲು ಸಂಕೋಚ ಬೇಡ.

ಮುಂದಿನ ಸಂಚಿಕೆಯಲ್ಲಿ ಬ್ಯಾಟರಿಯ ವಿಚಾರ ನೋಡೋಣ.