ಸರೋಜಿನಿ ನಗರ ಮಾರುಕಟ್ಟೆ ಸ್ಫೋಟ: ಬಾಕಿ ಉಳಿದ ನ್ಯಾಯಕ್ಕಾಗಿ ಮನವಿ

ಗೆ,
ಕೇಂದ್ರ ಗೃಹ ಕಾರ್ಯದರ್ಶಿಗಳು,
ಭಾರತ ಸರ್ಕಾರ, ನವದೆಹಲಿ.

ವಿಷಯ: 2005ರ ಅಕ್ಟೋಬರ್ 29ರ ದೆಹಲಿ ಸ್ಫೋಟಗಳ ತನಿಖೆಯನ್ನು ಮತ್ತೆ ಕೈಗೆತ್ತಿಕೊಳ್ಳುವುದು ಹಾಗೂ ಸಂತ್ರಸ್ತರಿಗೆ ನೆರವು ನೀಡುವ ಕುರಿತು.

ಮಾನ್ಯರೇ,

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು, ಸಂವಿಧಾನದ 350ನೇ ವಿಧಿ ಕೊಟ್ಟಿರುವ ಹಕ್ಕಿನಂತೆ ನಮ್ಮ ಭಾಷೆಯಲ್ಲೇ ಈ ಮನವಿ ಸಲ್ಲಿಸುತ್ತಿದ್ದೇವೆ. ಸರ್ಕಾರಿ ನೌಕರಿಗೆಂದು ಬಂದು ಸರೋಜಿನಿ ನಗರ, ಆರ್.ಕೆ. ಪುರಂ ಕ್ವಾರ್ಟರ್ಸ್‌ಗಳಲ್ಲಿ ಸಂಸಾರ ಹೂಡಿದವರು ನಮ್ಮಲ್ಲಿದ್ದಾರೆ. ಹಬ್ಬದ ಬಟ್ಟೆಗೂ ಚಳಿಗಾಲದ ಸ್ವೆಟರಿಗೂ ನಾವು ಹೋಗುವುದು ಆ ಮಾರುಕಟ್ಟೆಗೇ.

ಅಂದು ಶನಿವಾರ. ದೀಪಾವಳಿಗೆ ಮೂರು ದಿನವಿತ್ತು, ರಂಜಾನ್ ಉಪವಾಸ ಕೊನೆಯ ವಾರ ಮುಟ್ಟಿತ್ತು. ಕಾಶ್ಮೀರದ ಭೂಕಂಪ ಸಂತ್ರಸ್ತರಿಗಾಗಿ ನಿಯಂತ್ರಣ ರೇಖೆಯಲ್ಲಿ ದಾರಿ ತೆರೆಯಲು ಭಾರತ, ಪಾಕಿಸ್ತಾನಗಳು ಮಾತುಕತೆ ನಡೆಸುತ್ತಿದ್ದ ಹೊತ್ತು. ಸಂಜೆ ಪಹಾಡ್‌ಗಂಜ್, ಗೋವಿಂದಪುರಿಯ ಬಸ್ಸು, ಸರೋಜಿನಿ ನಗರ ಈ ಮೂರೂ ಕಡೆ ಬಾಂಬು ಸಿಡಿದವು. 60ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಸಾವು ಸರೋಜಿನಿ ನಗರದಲ್ಲಿ. ಗಾಯಗೊಂಡವರು 200ಕ್ಕೂ ಹೆಚ್ಚು. ಬಸ್ಸಿನಲ್ಲಿ ಅನುಮಾನದ ಚೀಲ ಕಂಡಾಗ ಪ್ರಯಾಣಿಕರನ್ನು ಇಳಿಸಿ ಉಳಿಸಿದ ಚಾಲಕ ತಮ್ಮ ಕಣ್ಣುಗಳನ್ನೇ ಕಳೆದುಕೊಂಡರು.

2017ರ ಫೆಬ್ರವರಿ 16ರಂದು ದೆಹಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಮೂವರು ಆರೋಪಿಗಳಲ್ಲಿ ಇಬ್ಬರು ಸಂಪೂರ್ಣ ನಿರ್ದೋಷಿಗಳು. 11 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ ಕಾಶ್ಮೀರಿಗಳು ಅವರು. ಮೂರನೆಯವರಿಗೆ ಶಿಕ್ಷೆಯಾದದ್ದು ಉಗ್ರ ಸಂಘಟನೆಯ ನಂಟಿಗಾಗಿ, ಈ ಸ್ಫೋಟಗಳಿಗಾಗಿ ಅಲ್ಲ. ಅಂದರೆ ಬಾಂಬು ಇಟ್ಟವರು ಯಾರೆಂದು ಆ ವಿಚಾರಣೆಯಲ್ಲಿ ಸಾಬೀತಾಗಲೇ ಇಲ್ಲ. ಸತ್ತವರಿಗೆ ನ್ಯಾಯ ಕೇಳುವವರು ಒಂದು ಕಡೆ, ಬಿಡುಗಡೆಯಾದವರ ಪರ ಮಾತಾಡುವವರು ಇನ್ನೊಂದು ಕಡೆ ಎಂಬ ವಿಂಗಡಣೆಯನ್ನು ನಾವು ಒಪ್ಪುವುದಿಲ್ಲ. ಅದೇ ತನಿಖೆ ಇಬ್ಬರಿಗೂ ಅನ್ಯಾಯ ಮಾಡಿದೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ಈ ಪ್ರಕರಣವನ್ನು ರಾಷ್ಟ್ರೀಯ ತನಿಖಾ ಸಂಸ್ಥೆಗೆ ವಹಿಸಬೇಕು. ಸಂಸ್ಥೆ ಹುಟ್ಟುವ ಮೊದಲೇ ನಡೆದಿದ್ದ 2006ರ ಮಾಲೇಗಾಂವ್ ಸ್ಫೋಟದ ತನಿಖೆಯನ್ನು ಅದಕ್ಕೆ ಒಪ್ಪಿಸಿದ ನಿದರ್ಶನವಿದೆ. ತೀರ್ಪಿನ ನಂತರ ಸರ್ಕಾರ ಏನೇನು ಕ್ರಮ ಕೈಗೊಂಡಿದೆ ಎಂಬುದನ್ನು ಸಂತ್ರಸ್ತ ಕುಟುಂಬಗಳಿಗೆ ಬರಹದಲ್ಲಿ ತಿಳಿಸಬೇಕು.

ಎರಡನೆಯದು ನೆರವಿನ ಮಾತು. ಭಯೋತ್ಪಾದನೆ ಮತ್ತು ಕೋಮು ಹಿಂಸೆಯ ಸಂತ್ರಸ್ತರಿಗಾಗಿ ಕೇಂದ್ರ ರೂಪಿಸಿದ ಯೋಜನೆ 2008ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗ 3 ಲಕ್ಷ ರೂಪಾಯಿ ಇದ್ದ ಮೊತ್ತ 2016ರಲ್ಲಿ 5 ಲಕ್ಷವಾಯಿತು. 2005ರಲ್ಲಿ ಮಗನನ್ನು ಕಳೆದುಕೊಂಡ ತಾಯಿ ಆ ದಿನಾಂಕದ ಆಚೆಗೇ ಉಳಿದಳು. ಅಂದು ಬಿಡಿಯಾಗಿ ಘೋಷಿಸಿದ ಪರಿಹಾರ ಈ ಯೋಜನೆಯ ಬದಲಿಯಲ್ಲ. 2008ಕ್ಕೂ ಹಿಂದಿನ ಸಂತ್ರಸ್ತರಿಗೆ ಯೋಜನೆಯನ್ನು ಪೂರ್ವಾನ್ವಯವಾಗಿ ವಿಸ್ತರಿಸಬೇಕು; ಕಣ್ಣು, ಕಿವಿ, ಕೈಕಾಲು ಕಳೆದುಕೊಂಡವರಿಗೆ ಜೀವನಪರ್ಯಂತ ಉಚಿತ ಚಿಕಿತ್ಸೆ ಮತ್ತು ಮಾಸಾಶನ ಕೊಡಬೇಕು.

ತಪ್ಪು ಮೊಕದ್ದಮೆಗೆ ಸಿಕ್ಕಿ ಬಾಳು ಕಳೆದುಕೊಂಡವರಿಗೆ ಪರಿಹಾರ ಕೊಡಲು ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ, ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಅದನ್ನು ಜಾರಿಗೆ ತರಬೇಕು. ಇಂಥ ದಾಳಿಯ ಮರುದಿನವೇ ಹೆಸರು, ಊರು ನೋಡಿ ಬಾಡಿಗೆದಾರರನ್ನೂ ಬೀದಿ ವ್ಯಾಪಾರಿಗಳನ್ನೂ ಶಂಕಿಸುವ ಚಾಳಿಗೆ ಪೊಲೀಸರು ಲಿಖಿತ ಆದೇಶದ ಮೂಲಕ ತಡೆ ಹಾಕಬೇಕು. ಎರಡು ಧರ್ಮಗಳ ಹಬ್ಬದ ಖರೀದಿ ಒಂದೇ ಬೀದಿಯಲ್ಲಿ ನಡೆಯುವ ಹೊತ್ತನ್ನು ಆರಿಸಿಕೊಂಡವರ ಎಣಿಕೆ, ನೆರೆಯವರು ಒಬ್ಬರನ್ನೊಬ್ಬರು ನಂಬದಂತಾಗಲಿ ಎಂಬುದೇ ಎಂದು ನಮ್ಮ ದೃಢವಾದ ಅನಿಸಿಕೆ.

ಮಾರುಕಟ್ಟೆಯ ಓಣಿಗಳಲ್ಲಿ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ನುಗ್ಗುವಷ್ಟು ದಾರಿ ಸದಾ ತೆರವಾಗಿರಬೇಕು. ಅಲ್ಲಿನ ಜನಸಂದಣಿಯನ್ನು 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟೇ ಗಂಭೀರವಾಗಿ ಪರಿಗಣಿಸಿತ್ತು.

ಸಂತ್ರಸ್ತ ಕುಟುಂಬಗಳ ಪ್ರತಿನಿಧಿಗಳೊಡನೆ ಮುಖತಃ ಭೇಟಿಗೆ ದಿನ ಗೊತ್ತುಪಡಿಸಿ, ಈ ಮನವಿಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಕೆಳಗೆ ಸಹಿ ಮಾಡಿರುವ ದೆಹಲಿ ಕನ್ನಡಿಗರು