ಲಾಗ್‌ಗೆ ಇಷ್ಟು ಸಾಕು

2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದಿತು. ಹೊರಗಿನವರು ಯಾರೂ ನುಗ್ಗಿದ ಸುಳಿವಿರಲಿಲ್ಲ. ಪಾಸ್‌ವರ್ಡನ್ನು ಹ್ಯಾಶ್ ಮಾಡಿ ಗುರುತು ಅಳಿಸುವ ಮೊದಲೇ ಅದು ಕಂಪನಿಯ ಒಳಗಿನ ಲಾಗ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ತನ್ನ ಕೆಲಸಗಳನ್ನು ಸಾಲುಸಾಲಾಗಿ ಬರೆದಿಡುವ ಕಡತದಲ್ಲಿ, ಇದ್ದ ಹಾಗೇ ದಾಖಲಾಗುತ್ತಿತ್ತು.

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಇದೇ ವೃತ್ತಿಯಲ್ಲಿರುವ ಓದುಗರು ಕೂಡಲೇ ಹೇಳಬಹುದು: 'ಲಾಗ್ ನೋಡುವವರು ನಮ್ಮ ತಂಡದವರು ಮಾತ್ರ.' ಈ ಮಾತು ನಿಲ್ಲುವುದಿಲ್ಲ. ಡೇಟಾಬೇಸ್‌ಗೆ ಬೀಗವಿದೆ, ಯಾರು ತೆರೆದರೆಂಬ ಲೆಕ್ಕವಿದೆ. ಲಾಗ್ ಹಾಗಲ್ಲ. ಅದು ಸರ್ವರ್‌ನಿಂದ ಹುಡುಕಾಟದ ಟೂಲ್‌ಗೆ, ಅಲ್ಲಿಂದ ಬ್ಯಾಕಪ್‌ಗೆ, ಕೊನೆಗೆ ಬಗ್ ಟಿಕೆಟ್‌ನ ಸ್ಕ್ರೀನ್‌ಶಾಟ್‌ಗೆ ಹೋಗುತ್ತದೆ. ಡೇಟಾಬೇಸ್ ಮುಟ್ಟಲು ಅನುಮತಿಯಿಲ್ಲದ ಗುತ್ತಿಗೆ ನೌಕರನೂ ಅದೇ ಮೊಬೈಲ್ ಸಂಖ್ಯೆಯನ್ನು, ಅದೇ ಒಟಿಪಿಯನ್ನು ಲಾಗ್‌ನಲ್ಲಿ ಓದಬಲ್ಲ.

ಇನ್ನು 'ಮಾಸ್ಕ್ ಮಾಡುತ್ತೇವೆ' ಎಂಬ ಸಮಾಧಾನ. ಮುಚ್ಚಬೇಕಾದವುಗಳ ಪಟ್ಟಿಯಲ್ಲಿ 'ಪಾಸ್‌ವರ್ಡ್' ಇರುತ್ತದೆ. ಮುಂದಿನ ತಿಂಗಳು ಯಾರೋ ಅದನ್ನೇ ಬೇರೆ ಹೆಸರಿನಲ್ಲಿ ಸೇರಿಸುತ್ತಾರೆ, ಪಟ್ಟಿಗೆ ಅದು ಗೊತ್ತೇ ಇರುವುದಿಲ್ಲ. ಗ್ರಾಹಕನ ಇಡೀ ಆಬ್ಜೆಕ್ಟನ್ನು ಒಂದೇ ಸಾಲಿನಲ್ಲಿ ಪ್ರಿಂಟ್ ಮಾಡಿದರಂತೂ ವಿಳಾಸ, ಆಧಾರ್ ಎಲ್ಲವೂ ಬಯಲು. ನಡುರಾತ್ರಿಯ ತುರ್ತಿನಲ್ಲಿ ಡಿಬಗ್ ಮಟ್ಟಕ್ಕೆ ಏರಿಸಿದ ಲಾಗ್ ಮತ್ತೆ ಕೆಳಗಿಳಿಯುವುದೂ ಅಪರೂಪ.

ಆದ್ದರಿಂದ ಕ್ರಮವನ್ನೇ ತಿರುಗಿಸಬೇಕು. ಏನನ್ನು ಮುಚ್ಚಬೇಕೆಂಬ ಪಟ್ಟಿ ಬೇಡ, ಏನನ್ನು ಬರೆಯಬಹುದೆಂಬ ಪಟ್ಟಿ ಇರಲಿ: ಸಮಯ, ಕೋರಿಕೆಯ ಗುರುತುಸಂಖ್ಯೆ, ಯಾವ ಹಂತ, ಫಲಿತಾಂಶದ ಕೋಡ್, ಹಿಡಿದ ಸಮಯ. ಪಟ್ಟಿಯಲ್ಲಿಲ್ಲದ್ದು ಲಾಗ್‌ಗೆ ಹೋಗಕೂಡದು. 'ವಿವರವಿಲ್ಲದೆ ತಪ್ಪು ಹುಡುಕುವುದು ಹೇಗೆ?' ಎನ್ನುವವರಿಗೆ ಉತ್ತರ ಸರಳ: ಗುರುತುಸಂಖ್ಯೆ ಹಿಡಿದು, ಅನುಮತಿ ಪಡೆದು, ಡೇಟಾಬೇಸ್‌ನಲ್ಲೇ ನೋಡಿ. ಅಲ್ಲಿ ನೋಡಿದವರ ಹೆಸರು ಉಳಿಯುತ್ತದೆ.

ಕಾನೂನಿನ ನೆಪವೂ ಬೇಡ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಿ ಎನ್ನುತ್ತದೆ, ಅದರೊಳಗೆ ಗ್ರಾಹಕರ ಒಟಿಪಿ ತುಂಬಿ ಎನ್ನುವುದಿಲ್ಲ. ವೈಯಕ್ತಿಕ ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದವರಿಗೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಬೇಡದ್ದನ್ನು ಬರೆದು ಆರು ತಿಂಗಳು ಕಾಯುವುದೆಂದರೆ ಅಷ್ಟೂ ದಿನ ಅಪಾಯವನ್ನು ಸಾಕಿದಂತೆ.

ಲಾಗ್ ನೋಡುವ ಅಧಿಕಾರ ನಿಮಗಿದ್ದರೆ ಸೋಮವಾರ ಕಚೇರಿಯಲ್ಲಿ ಒಂದು ಕೆಲಸ ಮಾಡಿ. ನಿಮ್ಮದೇ ಮೊಬೈಲ್ ಸಂಖ್ಯೆಯಿಂದ ಆ್ಯಪ್ ಬಳಸಿ, ಆಮೇಲೆ ಆ ಸಂಖ್ಯೆಯನ್ನು ಲಾಗ್‌ನಲ್ಲಿ ಹುಡುಕಿ. ಸಿಕ್ಕರೆ, ಅದು ಅಲ್ಲಿ ಯಾಕಿದೆ ಎಂದು ಅಂದೇ ಮೀಟಿಂಗ್‌ನಲ್ಲಿ ಕೇಳಿ.